ದನದ ಆಸ್ಪತ್ರೆಯ ಟ್ರ್ಯಾಕ್ಟರ್

ಹೋದ ತಿಂಗಳು ಜಗಳೂರಿನಿಂದ ನನಗೊಂದು ಕಾರ್ಡು ಬಂತು. "ನಮ್ಮನೆಯವರು ಸೋಮವಾರ ತೀರಿಕೊಂಡರು. ನಿಮಗೆ ತಿಳಿಸಬೇಕೆಂದು ಮೊದಲೇ ಹೇಳಿದ್ದರು. ಮಿಷನ್ನುಗಳನ್ನು ಏನು ಮಾಡಬೇಕೆಂದು ಹೇಳಲಿಲ್ಲ" ಎಂದು ಬರೆದು ಕೆಳಗೆ ಶಾಂತಮ್ಮನವರು ರುಜು ಹಾಕಿದ್ದರು.

ಸತ್ತವರ ಬಗ್ಗೆ ಬರೆಯುವಾಗ ಮೊದಲು ಹೆಸರು ಬರೆಯುವುದು ವಾಡಿಕೆ. ನಾನು ಬರೆಯುವುದಿಲ್ಲ. ನನ್ನ ಕೈಯಿಂದ ಅವರ ಹೆಸರು ಕಾಗದದ ಮೇಲೆ ಇಳಿದದ್ದು ಒಂದೇ ಸಲ, ಅದೂ ಅವರಿಗೆ ಕೊಟ್ಟ ನೋಟೀಸಿನಲ್ಲಿ. ಅಷ್ಟು ಸಾಕು. ಊರಿನವರೆಲ್ಲ ಅವರನ್ನು 'ಕಾಂಪೌಂಡ್ರು' ಎನ್ನುತ್ತಿದ್ದರು. ದನದ ಆಸ್ಪತ್ರೆಯಲ್ಲಿ ಅವರು ಕಾಂಪೌಂಡರಾಗಿದ್ದರು. ನಾನೂ ಹಾಗೇ ಕರೆಯುತ್ತೇನೆ.

ಎಪ್ಪತ್ತರ ದಶಕದಲ್ಲಿ ನಾನು ನ್ಯಾಮತಿ ಕಡೆಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಯಾವ ಕಚೇರಿ, ಯಾವ ಇಲಾಖೆ ಎಂದು ಬಿಡಿಸಿ ಹೇಳಿದರೆ ಇನ್ನೂ ಸರ್ವಿಸಿನಲ್ಲಿರುವ ನನಗೇ ನೋಟೀಸು ಬಂದೀತು. ನಮ್ಮ ಆವರಣದ ಹಿಂದಿನ ಮೂಲೆಯ ಹೆಂಚಿನ ಕಟ್ಟಡದಲ್ಲಿ ದನದ ಆಸ್ಪತ್ರೆ ಇತ್ತು. ಅಲ್ಲಿಗೆ ನೇಮಕವಾದ ಡಾಕ್ಟರು ಕೆಲಸಕ್ಕೆ ಸೇರಿದ ದಿನವೇ ವರ್ಗಕ್ಕೆ ಅರ್ಜಿ ಹಾಕಿ, ಅರ್ಜಿಯ ಹಿಂದೆಯೇ ತಾವೂ ಹೊರಟುಬಿಡುತ್ತಿದ್ದರು. ಹೀಗಾಗಿ ಆಸ್ಪತ್ರೆ ಎಂದರೆ ಕಾಂಪೌಂಡ್ರೇ.

ಅವರು ಜಗಳೂರಿನಿಂದ ವರ್ಗವಾಗಿ ಬಂದ ದಿನ ಚೆನ್ನಾಗಿ ನೆನಪಿದೆ. ಲಾರಿಯಿಂದ ಒಂದು ಟ್ರಂಕು, ಎರಡು ಚಾಪೆ, ಒಂದಿಷ್ಟು ಪಾತ್ರೆ ಇಳಿದವು. ಉಳಿದದ್ದೆಲ್ಲ ಕಬ್ಬಿಣ. ನಾಲ್ಕು ಜನ ಸೇರಿ ಎರಡು ಗಾಲಿಯ ಒಂದು ಯಂತ್ರವನ್ನು ಇಳಿಸಿದರು. ಅದರ ಹಿಡಿಗಳು ಎಮ್ಮೆಯ ಕೊಂಬಿನ ಹಾಗೆ ಹಿಂದಕ್ಕೆ ಬಾಗಿದ್ದವು.

"ಏನ್ರಿ ಇದು?" ಎಂದೆ.

"ಕೈ ಟ್ರ್ಯಾಕ್ಟರ್ರಿ. ತೋಟದಾಗೆ ಉಳಾಕೆ ಅಂತ ಮಾಡಿದ್ದು. ಬಿಳಿಚೋಡಿಗೆ ಕುರಿಗಳಿಗೆ ಸೂಜಿ ಹಾಕಾಕೆ ಹೋದಾಗ ಸಿಕ್ತು. ಒಬ್ರ ಹಿತ್ತಲದಾಗೆ ಕೋಳಿಗಳು ಇದರ ಮ್ಯಾಲೆ ಮಲಗ್ತಿದ್ವು."

"ಕೆಟ್ಟೈತಾ?"

"ಕೆಟ್ಟಿಲ್ಲರೀ, ಬ್ಯಾಸ್ರ ಮಾಡ್ಕೊಂಡೈತೆ."

ಇದು ಅವರ ಖಾಯಂ ಮಾತು ಎಂದು ಆಮೇಲೆ ತಿಳಿಯಿತು. ತುಕ್ಕು ಹಿಡಿದು ಅರ್ಧ ಮಣ್ಣಾದ ಇಂಜಿನ್ನನ್ನು ನೋಡಿದರೂ ಅವರು ಇದನ್ನೇ ಹೇಳುತ್ತಿದ್ದರು. ಹಳೆಯ ಸಣ್ಣ ಟ್ರ್ಯಾಕ್ಟರುಗಳನ್ನು ಹುಡುಕಿ ತಂದು, ಅವು ಹುಟ್ಟಿದ ದಿನ ಹೇಗಿದ್ದವೋ ಹಾಗೆ ಮಾಡಿ ಇಟ್ಟುಕೊಳ್ಳುವುದು ಅವರ ಹುಚ್ಚು. ದೊಡ್ಡ ಟ್ರ್ಯಾಕ್ಟರನ್ನು ಅವರು ತಿರುಗಿಯೂ ನೋಡುತ್ತಿರಲಿಲ್ಲ. ಯಾರಾದರೂ ಪಂಪ್‌ಸೆಟ್ ಕೆಟ್ಟಿದೆ ಬನ್ನಿ ಎಂದರೆ, "ಅದನ್ನ ಮಾಡಾಕೆ ಹೊನ್ನಾಳಿ ತುಂಬ ಜನ ಅದಾರೆ. ಕೆಲ್ಸಕ್ಕೆ ಬರೋದನ್ನ ಎಲ್ರೂ ರಿಪೇರಿ ಮಾಡ್ತಾರೆ" ಎನ್ನುತ್ತಿದ್ದರು. ಈ ಮಾತು ನಮ್ಮ ಊರಿಗೆ ಅರ್ಥವಾಗಲಿಲ್ಲ. ಇಸ್ಪೀಟು, ಚುನಾವಣೆಯ ಮಾತು, ಕೆಲಸದ ಹೊತ್ತಿನಲ್ಲಿ ನಿದ್ದೆ, ಇವಿಷ್ಟೇ ನಮಗೆ ಗೊತ್ತಿದ್ದ ಹವ್ಯಾಸಗಳು. ದುಡಿಯುವುದನ್ನೇ ಹವ್ಯಾಸ ಮಾಡಿಕೊಂಡವರನ್ನು, ಅದರಲ್ಲೂ ಸರ್ಕಾರಿ ನೌಕರರೊಬ್ಬರನ್ನು, ನಾವು ನೋಡಿರಲಿಲ್ಲ.

ಅವರ ವಿಧಾನಗಳು ದನದ ಆಸ್ಪತ್ರೆಯವೇ. ಎಮ್ಮೆಯ ಪಕ್ಕೆಗಿಟ್ಟ ಸ್ಟೆತೊಸ್ಕೋಪನ್ನೇ ಇಂಜಿನ್ನಿನ ಪಕ್ಕೆಗಿಟ್ಟು, ತಲೆ ಓರೆ ಮಾಡಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ದನಕ್ಕೆ ಔಷಧಿ ಕುಡಿಸುವ ಬಿದಿರಿನ ಗೊಟ್ಟದಲ್ಲೇ ಗೇರ್‌ಬಾಕ್ಸಿಗೆ ಎಣ್ಣೆ ಕುಡಿಸುತ್ತಿದ್ದರು. ತೊಳೆದೇ ಕುಡಿಸುತ್ತಿದ್ದರು. ಮತ್ತೆ ದನದ ಬಾಯಿಗಿಡುವ ಮುಂಚೆಯೂ ತೊಳೆಯುತ್ತಿದ್ದರೆಂದು ನಾನು ನಂಬಿದ್ದೇನೆ. ಭಾನುವಾರ ಬೆಳಿಗ್ಗೆ ಮನೆಯ ಹಿತ್ತಲಲ್ಲಿ ಒಂದೊಂದೇ ಯಂತ್ರವನ್ನು ಐದು ನಿಮಿಷ ನಡೆಸಿ, ಒರೆಸಿ, ಶಾಂತಮ್ಮನವರ ಹಳೆಯ ಸೀರೆ ಹೊದಿಸಿ ನಿಲ್ಲಿಸುತ್ತಿದ್ದರು. ಒಮ್ಮೆ ಕಾಫಿ ಕೊಡುತ್ತಾ ಶಾಂತಮ್ಮನವರು ನನ್ನ ಹತ್ತಿರ ದೂರಿದರು: "ಸೀರೆ ತಗಂಡು ಹೋಗ್ಲಿ ಬಿಡ್ರಿ, ಹಳೇವು. ಆದ್ರೆ ಹೊದಿಸಿ ದೂರ ನಿಂತು ನೋಡಿ, ನಿನಗಿಂತ ಇದಕ್ಕೇ ಒಪ್ತೈತೆ ಅಂತಾರೆ."

ಕಾಂಪೌಂಡ್ರು ಅಲ್ಲಗಳೆಯಲಿಲ್ಲ.

ನಮ್ಮ ಕಚೇರಿಯ ಬೇವಿನ ಮರದ ಕೆಳಗೆ ಒಂದು ಟ್ರ್ಯಾಕ್ಟರು ನಿಂತಿತ್ತು. ನಾಲ್ಕು ಗಾಲಿ, ಎಲೆಯ ಆಕಾರದ ಕಬ್ಬಿಣದ ಸೀಟು, ಎತ್ತರದಲ್ಲಿ ಒಂದು ದೊಡ್ಡ ಕರುವಿನಷ್ಟು. ತರಕಾರಿ ತೋಟಗಳಿಗೆಂದು ಯಾವುದೋ ಹೊರದೇಶದವರು ಉಚಿತವಾಗಿ ಕೊಟ್ಟದ್ದಂತೆ. ಕೊಟ್ಟ ವರ್ಷ ಹಾರ ಹಾಕಿಸಿಕೊಂಡು ಆವರಣದಲ್ಲಿ ಎರಡು ಸುತ್ತು ಬಂದದ್ದೇ ಅದರ ಒಟ್ಟು ದುಡಿಮೆ. ಆಮೇಲೆ ಅದು ಮರದ ಕೆಳಗೆ ನಿಂತಿತು. ಪ್ರತಿ ವರ್ಷ ಸಾಮಾನುಗಳ ಪಟ್ಟಿ ಮಾಡುವಾಗ ಅದರ ಮುಂದೆ 'ದುರಸ್ತಿಯಲ್ಲಿದೆ' ಎಂದು ನಾವು ಬರೆಯುತ್ತಿದ್ದೆವು. ಯಾರು ದುರಸ್ತಿ ಮಾಡುತ್ತಿದ್ದಾರೆ ಎಂಬುದಕ್ಕೆ ಪಟ್ಟಿಯಲ್ಲಿ ಕಾಲಂ ಇರಲಿಲ್ಲ. ಹಾಗಾಗಿ ಯಾರೂ ಮಾಡುತ್ತಿರಲಿಲ್ಲ.

ಕಾಂಪೌಂಡ್ರು ಬಂದ ವಾರದಲ್ಲೇ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಬಿಟ್ಟರು. ಆಗಿದ್ದ ಸಾಹೇಬರು ನಿವೃತ್ತಿಯ ದಿನ ಎಣಿಸುತ್ತಿದ್ದ ಸಾಧು ಮನುಷ್ಯರು. ಕೇಳಿದ್ದಕ್ಕೆ, "ಮಾಡ್ಕೊಳ್ರಿ, ನಿಮ್ಮಿಷ್ಟ. ಮರಕ್ಕೆ ಪೆಟ್ಟಾಗ್ದಂಗೆ ನೋಡ್ಕೊಳ್ರಿ" ಎಂದರು. ಬಾಯಿಮಾತಿನ ಅಪ್ಪಣೆ. ಅಂದಿನಿಂದ ಎರಡು ವರ್ಷ ಕಾಂಪೌಂಡ್ರ ಸಂಜೆಗಳು ಬೇವಿನ ಮರದ ಕೆಳಗೆ ಕಳೆದವು. ಪೆಟ್ರೋಲಿನಲ್ಲಿ ತೇಲುವ ಹಿತ್ತಾಳೆಯ ಬುರುಡೆ ತೂತಾಗಿತ್ತು. ಅದನ್ನು ಅಕ್ಕಸಾಲಿಗರ ಹತ್ತಿರ ಬೆಸೆಸಿದರು. ಬೆಲ್ಟನ್ನು ಚಪ್ಪಲಿ ಹೊಲಿಯುವವರು ಹೊಲಿದುಕೊಟ್ಟರು. ಪಿಸ್ಟನ್ನಿನ ರಿಂಗುಗಳು ಹೊನ್ನಾಳಿಯ ಗುಜರಿಯಿಂದ ಬಂದವು. ಕಾರ್ಬೊರೇಟರಿನೊಳಗೆ ಪೆಟ್ರೋಲು ಇಳಿಯುವ ಸಣ್ಣ ಕೊಳವೆಗೆ ಮಾತ್ರ ಎಲ್ಲೂ ಜೋಡಿ ಸಿಗಲಿಲ್ಲ. ಕಡೆಗೆ ದನಕ್ಕೆ ಚುಚ್ಚುವ ಸೂಜಿಯೊಂದನ್ನು ತುಂಡರಿಸಿ ಕೂರಿಸಿದರು.

ಅಷ್ಟರಲ್ಲಿ ಸಾಹೇಬರು ಬದಲಾದರು. ಹೊಸ ಸಾಹೇಬರಿಗೆ ಅಚ್ಚುಕಟ್ಟಿನ ಗೀಳು. ಸುಣ್ಣ ಬಳಿದ ಕಲ್ಲುಗಳೆಂದರೆ ಪ್ರಾಣ. ಮೇಲಿನವರು ತಪಾಸಣೆಗೆ ಬರುವ ಮೊದಲು ಬೇವಿನ ಮರದ ಸುತ್ತ ಅಂಥ ಕಲ್ಲು ನೆಟ್ಟು ಹೂವಿನ ಪಾತಿ ಮಾಡಬೇಕೆಂದು ಅವರಿಗೆ ಹೊಳೆಯಿತು. ಅದಕ್ಕೆ ಟ್ರ್ಯಾಕ್ಟರು ಅಲ್ಲಿಂದ ಹೋಗಬೇಕು. ಹೋಗಬೇಕಾದರೆ ಹರಾಜಾಗಬೇಕು. ಹರಾಜಾಗಬೇಕಾದರೆ ಅದು ದುರಸ್ತಿಗೆ ಅಯೋಗ್ಯ ಎಂದು ಒಬ್ಬ ಇಂಜಿನಿಯರು ಬರೆದುಕೊಡಬೇಕು. ಇಂಜಿನಿಯರು ಬಂದರು. ಜೀಪಿನಿಂದ ಇಳಿಯಲಿಲ್ಲ. ಕಾಫಿ, ಕಾಗದ ಎರಡೂ ಜೀಪಿಗೇ ಹೋದವು.

ಆ ಕಾಗದ ಬರೆದವನು ನಾನು. 'ಸಂಪೂರ್ಣ ತುಕ್ಕು ಹಿಡಿದಿದ್ದು, ಚಾಲನೆಗೆ ತರಲು ಯಾವುದೇ ಸಾಧ್ಯತೆ ಇಲ್ಲದ ಕಾರಣ' ಎಂದು ನಾನು ದುಂಡಾಗಿ ಬರೆಯುತ್ತಿದ್ದಾಗ ಕಿಟಕಿಯಾಚೆ ಕಾಂಪೌಂಡ್ರು ಅರ ಉಜ್ಜುವ ಸದ್ದು ಕೇಳುತ್ತಿತ್ತು. ಎದ್ದು ಹೋಗಿ ಅವರಿಗೊಂದು ಮಾತು ಹೇಳಬಹುದಿತ್ತು. ಕಡತವೇನೂ ಗೋಪ್ಯವಾಗಿರಲಿಲ್ಲ. ಆದರೆ ನನ್ನ ಬಡ್ತಿಯ ಕಡತವೂ ಅದೇ ಮೇಜಿನ ಮೇಲೆ ಇತ್ತು. ನಾನು ಏಳಲಿಲ್ಲ.

ಮೂರು ವಾರ ಕಳೆಯಿತು. ಒಂದು ಮಧ್ಯಾಹ್ನ ಸಾಹೇಬರು ಸಭೆ ನಡೆಸುತ್ತಿದ್ದರು. ಹಳ್ಳಿಗಳ ಪ್ರಗತಿ ಯಾಕೆ ನಿಂತುಹೋಗಿದೆ ಎಂಬುದು ಚರ್ಚೆಯ ವಿಷಯ. ಬೇವಿನ ಮರದ ಕಡೆಯಿಂದ ಮೊದಲು ಒಂದು ಕೆಮ್ಮು ಕೇಳಿಸಿತು. ಆಮೇಲೆ ಇನ್ನೊಂದು. ಆಮೇಲೆ ಬಿಡದೆ ಟಪಟಪ ಸದ್ದು. ನಾವೆಲ್ಲ ಹೊರಗೆ ಬಂದೆವು. ಕಾಂಪೌಂಡ್ರು ಎಲೆಯಂಥ ಸೀಟಿನ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಸರ್ಕಾರದ ಲೆಕ್ಕದಲ್ಲಿ ಸತ್ತಿದ್ದ ಟ್ರ್ಯಾಕ್ಟರು ಬೇವಿನ ಮರದ ಸುತ್ತ ಹರಾಜಿಗೆ ಕಾಯದೆ ಹೊಸದಾಗಿ ನೆಟ್ಟಿದ್ದ ಸುಣ್ಣದ ಕಲ್ಲುಗಳನ್ನು ಒಂದೊಂದಾಗಿ ಉರುಳಿಸುತ್ತಾ ನಡೆದಿತ್ತು. ಆಸ್ಪತ್ರೆಯ ಮುಂದೆ ದನ ಹಿಡಿದುಕೊಂಡು ಕಾದಿದ್ದವರೆಲ್ಲ ಎದ್ದು ನಿಂತಿದ್ದರು.

ಸಾಹೇಬರ ಮುಖ ಬಿಳುಚಿತು. ಅವರು ರುಜು ಹಾಕಿದ ಕಾಗದ ಆಗಲೇ ಜಿಲ್ಲೆಗೆ ಹೋಗಿತ್ತು.

"ಅದನ್ನ ನಿಲ್ಸ್ರಿ," ಎಂದರು.

"ನಿಲ್ಸೋ ಸ್ವಿಚ್ಚು ಇನ್ನೂ ರಿಪೇರಿ ಆಗಿಲ್ಲ ಸಾರ್," ಎನ್ನುತ್ತಾ ಕಾಂಪೌಂಡ್ರು ನಮ್ಮ ಮುಂದೆಯೇ ಹಾದುಹೋದರು.

ಪೆಟ್ರೋಲು ತೀರುವವರೆಗೂ ಅವರು ಸುತ್ತಿದರು. ಸಭೆ ಅಲ್ಲಿಗೆ ಮುಗಿಯಿತು. ಟ್ಯಾಂಕಿನ ಕೆಳಗಿನ ನಲ್ಲಿ ಮುಚ್ಚಿದರೆ ಇಂಜಿನ್ನು ತಾನೇ ನಿಲ್ಲುತ್ತದೆಂದು ನನಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಅವರಿಗೆ ಆ ದಿನವೂ ಗೊತ್ತಿತ್ತು.

ಟ್ರ್ಯಾಕ್ಟರು ನಿಂತಾಗ ಮೊದಲು ಹತ್ತಿರ ಬಂದವಳು ಹಾಲಮ್ಮ ಎಂಬ ಹೆಂಗಸು. ಸವಳಂಗದ ಕಡೆಯಾಕೆ. ಗಂಡ ಇರಲಿಲ್ಲ. ಸೊಪ್ಪು, ಬದನೆ ಬೆಳೆದು ತಾನೇ ಸಂತೆಗೆ ತರುತ್ತಿದ್ದಳು. ಅವಳ ಒಂದು ಎತ್ತು ಹಿಂದಿನ ಮಳೆಗಾಲದಲ್ಲಿ ಗಂಟಲು ಬೇನೆಯಿಂದ ಇದೇ ಆಸ್ಪತ್ರೆಯ ಮುಂದೆ ಕಾಂಪೌಂಡ್ರ ಕೈಯಲ್ಲಿ ಸತ್ತಿತ್ತು. ಉಳಿದ ಒಂಟಿ ಎತ್ತಿನ ಹೆಗಲಿಗೆ ನೊಗದ ಹುಣ್ಣಾಗಿ ಆ ದಿನ ಮದ್ದಿಗೆ ಬಂದಿದ್ದಳು.

"ಅಣ್ಣಾರೆ, ಇದು ಕೊತ್ತಂಬ್ರಿ ಮಡಿ ಉಳ್ತದಾ?" ಎಂದು ಕೇಳಿದಳು.

"ಉಳಾಕೆ ಅಲ್ಲಮ್ಮ ಇದು."

"ಮತ್ತೇನಕ್ಕೆ?"

ಕಾಂಪೌಂಡ್ರು ಹೆಗಲ ಮೇಲಿನ ಟವೆಲ್ಲಿನಿಂದ ಕೈ ಒರೆಸಿಕೊಳ್ಳುತ್ತಾ ನಿಂತರು.

ಮರುದಿನ ನೋಟೀಸು ತಯಾರಾಯಿತು. ಬರೆದವನು ನಾನೇ. 'ಸರ್ಕಾರಿ ಸ್ವತ್ತಿನ ಸ್ಥಿತಿಯನ್ನು ಲಿಖಿತ ಅನುಮತಿ ಇಲ್ಲದೆ ಬದಲಾಯಿಸಿದ್ದೀರಿ. ಸದರಿ ಸ್ವತ್ತನ್ನು ಒಂದು ವಾರದೊಳಗೆ ಮೊದಲಿನ ಸ್ಥಿತಿಗೆ ತರತಕ್ಕದ್ದು.' ಕಾಂಪೌಂಡ್ರು ಅದನ್ನು ಕೈಯಲ್ಲಿ ಹಿಡಿದು ಸಾಹೇಬರ ಕೋಣೆಗೆ ಬಂದರು. ನಾನು ಅಲ್ಲೇ ಇದ್ದೆ.

"ಸಾರ್, ಮೊದಲಿನ ಸ್ಥಿತಿ ಅಂದ್ರೆ ಯಾವುದು?"

"ಅಂದ್ರೆ ಏನ್ರಿ? ಮೊದ್ಲು ಹೆಂಗಿತ್ತೋ ಹಂಗೆ."

"ಹೊರದೇಶದಿಂದ ಬಂದಾಗ ಹೆಂಗಿತ್ತೋ ಹಂಗೇ ಮಾಡೀನಿ ಸಾರ್. ಬಣ್ಣ ಒಂದು ಬಾಕಿ ಐತೆ."

ಅವರು ತಮಾಷೆ ಮಾಡುತ್ತಿರಲಿಲ್ಲ. ಅದೇ ಸಾಹೇಬರನ್ನು ಹೆಚ್ಚು ಕೆರಳಿಸಿತು. ಅವರು ಹೋದ ಮೇಲೆ ಸಾಹೇಬರು ನನ್ನನ್ನು ಹತ್ತಿರ ಕರೆದು ದನಿ ತಗ್ಗಿಸಿದರು. "ಪರಿಶೀಲನೆಗೆ ಜಿಲ್ಲೆಯಿಂದ ಬುಧವಾರ ಬರ್ತಾರೆ. ಆ ಗಾಡಿ ಓಡಿದ್ರೆ ನಾನೂ ಹೋಗ್ತೀನಿ, ಕಾಗದ ಬರೆದ ನೀವೂ ಹೋಗ್ತೀರಿ. ಜವಾನನ ಕೈಲಿ ಸುತ್ತಿಗೇಲಿ ಎರಡು ಏಟು ಹಾಕಿಸ್ರಿ."

ಸಂಜೆ ನಾನು ದನದ ಆಸ್ಪತ್ರೆಗೆ ಹೋದೆ. ಕಾಂಪೌಂಡ್ರು ಹಾಲಮ್ಮನ ಎತ್ತಿನ ಹೆಗಲು ತೊಳೆದು ಮುಲಾಮು ಹಚ್ಚುತ್ತಿದ್ದರು. ಹುಣ್ಣು ಮಾಯುವವರೆಗೆ ಎತ್ತು ಅಲ್ಲೇ ಉಳಿದಿತ್ತು. ಸುತ್ತಿಗೆಯ ವಿಷಯ ಹೇಳಿದೆ. ಅವರು ಕಲ್ಲುಕಟ್ಟೆಯ ಮೇಲೆ ಕೂತರು. ಅವಳ ಇನ್ನೊಂದು ಎತ್ತು ಸತ್ತ ದಿನವೂ ಅವರು ಹೀಗೇ, ಎರಡು ಕೈಯನ್ನೂ ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಕೂತಿದ್ದರು.

"ಸುತ್ತಿಗೆ ಬ್ಯಾಡ," ಎಂದರು ಕಡೆಗೆ. "ಅದೇನ್ ತಪ್ಪು ಮಾಡೈತೆ? ನಾನೇ ಮಾಡಿ ಕೊಡ್ತೀನಿ. ಭಾನುವಾರದ ಮಟ ಬಿಡ್ರಿ."

ಭಾನುವಾರ ನಾನೂ ಹೋಗಿ ಬೇವಿನ ಮರದ ಕೆಳಗೆ ನಿಂತಿದ್ದೆ. ಅವರು ಎರಡು ವರ್ಷದಲ್ಲಿ ಟ್ರ್ಯಾಕ್ಟರಿನೊಳಗೆ ತಾವು ಹಾಕಿದ್ದನ್ನೆಲ್ಲ ಒಂದೊಂದಾಗಿ ಹೊರಗೆ ತೆಗೆದರು. ಬುರುಡೆ, ರಿಂಗುಗಳು, ಪ್ಲಗ್ಗು, ಸೂಜಿಯ ತುಂಡು, ಸಂದು ಮುಚ್ಚಲೆಂದು ಔಷಧಿಯ ಪೆಟ್ಟಿಗೆಯ ರಟ್ಟಿನಿಂದ ಕತ್ತರಿಸಿದ್ದ ಹಾಳೆಗಳು, ಕಡೆಗೆ ಬೆಲ್ಟು. ಒಂದೊಂದನ್ನೂ ಒರೆಸಿ, ಕಾಗದದಲ್ಲಿ ಸುತ್ತಿ ಊಟದ ಡಬ್ಬಿಯಲ್ಲಿ ಇಟ್ಟುಕೊಂಡರು. ಎಲ್ಲ ಸೇರಿ ಒಂದು ಡಬ್ಬಿ ತುಂಬಲಿಲ್ಲ. ಸರ್ಕಾರಿ ಟ್ರ್ಯಾಕ್ಟರು ಹತ್ತು ವರ್ಷ ನಿಂತದ್ದು ಅಷ್ಟರ ಸಲುವಾಗಿ.

"ಸರ್ಕಾರದ್ದು ಒಂದು ಮೊಳೆ ಮುಟ್ಟಿಲ್ಲ," ಎಂದು ಅವರು ಡಬ್ಬಿಯ ಮುಚ್ಚಳ ಹಾಕಿದರು. "ನಾನು ಹಾಕಿದ್ದು ನಾನು ತಗಂಡೆ. ಈಗ ನಿಮ್ಮ ಕಾಗದ ನಿಜ ಆತು."

ಬುಧವಾರ ಬಂದ ಅಧಿಕಾರಿಗಳು ಇಂಜಿನ್ನು ಸ್ಟಾರ್ಟ್ ಮಾಡುವ ಹಗ್ಗ ಎಳೆದು ನೋಡಿದರು. ಇಂಜಿನ್ನು ಉಸಿರೆತ್ತಲಿಲ್ಲ. ನಮ್ಮ ಕಚೇರಿಯ ದಾಖಲೆಗಳು ವಸ್ತುಸ್ಥಿತಿಗೆ ಸರಿಯಾಗಿವೆ ಎಂದು ಮೆಚ್ಚಿ ಬರೆದರು. ನನ್ನ ಸರ್ವಿಸಿನಲ್ಲಿ ಅಂಥ ಮೆಚ್ಚುಗೆ ಅದೊಂದೇ.

ಹರಾಜಿನ ದಿನ ಗುಜರಿಯವರು ಇಬ್ಬರು ಬಂದಿದ್ದರು. ಅವರ ಹಿಂದೆ ಹುಣ್ಣು ಮಾಯ್ದ ಎತ್ತನ್ನು ಹಿಡಿದುಕೊಂಡು ಹಾಲಮ್ಮ ನಿಂತಿದ್ದಳು. ಅವಳು ಕೂಗಿದಾಗ ಒಬ್ಬರು ನಕ್ಕರು. ಇನ್ನೊಬ್ಬರು, ಹೆಂಗಸಿನ ಎದುರಿಗೆ ಏನು ಪೈಪೋಟಿ ಎಂದು ಸುಮ್ಮನಾದರು. ಟ್ರ್ಯಾಕ್ಟರು ಅವಳದಾಯಿತು.

"ಕಾಂಪೌಂಡ್ರು ಹೇಳಿಕೊಟ್ರಾ?" ಎಂದು ಆಮೇಲೆ ಕೇಳಿದೆ.

"ಇಲ್ಲ ಸಾರ್, ಅವ್ರು ಬ್ಯಾಡ ಅಂದ್ರು. ಇದು ಉಳಾಕೆ ಅಲ್ಲ ಅಂದ್ರು. ನಾನೇನ್ ಅವ್ರನ್ನ ಕೇಳಿ ತಗಂಡೆನಾ."

ಒಂಟಿ ಎತ್ತು ಟ್ರ್ಯಾಕ್ಟರನ್ನು ಎಳೆದುಕೊಂಡು ಸವಳಂಗದ ರಸ್ತೆ ಹಿಡಿಯಿತು. ಅದನ್ನು ನೋಡಲು ಊರೇ ಅಂಗಡಿ ಬಿಟ್ಟು ಹೊರಗೆ ಬಂದಿತ್ತು. ಕಾಂಪೌಂಡ್ರು ಮಾತ್ರ ಬರಲಿಲ್ಲ. ಮುಂದಿನ ಭಾನುವಾರ ಸವಳಂಗದ ಬಸ್ಸಿನಲ್ಲಿ ಅವರು ಊಟದ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ನಾನೂ ಇದ್ದೆ. ಯಾಕೆ ಹೊರಟೆ ಎಂದು ಅವರು ಕೇಳಲಿಲ್ಲ. ಕಂಡಕ್ಟರು, "ಒಳಗೆ ಏನೈತ್ರಿ ಅಷ್ಟು ಜ್ವಾಪಾನ?" ಎಂದು ಕೇಳಿದರು. "ಜೀವ," ಎಂದರು ಕಾಂಪೌಂಡ್ರು. ಕಂಡಕ್ಟರು ಕೋಳಿಮರಿ ಇರಬೇಕೆಂದುಕೊಂಡು ಸುಮ್ಮನಾದರು.

ಮಧ್ಯಾಹ್ನದ ಹೊತ್ತಿಗೆ ಇಂಜಿನ್ನು ಮಾತಾಡಿತು. ಹಾಲಮ್ಮ ಒಂದು ಗಳಿಗೆ ತಡೆಯದೆ ಸೀರೆ ಎತ್ತಿ ಕಟ್ಟಿ, ಸೀಟಿನ ಮೇಲೆ ಕೂತು, ನೀರು ಬಿಟ್ಟಿದ್ದ ಮಡಿಯತ್ತ ತಿರುಗಿಸಿದಳು.

"ಕೆಸರಿಗೆ ಇಳಿಸ್ಬ್ಯಾಡಮ್ಮ, ಉಳಿದಿರೋ ಬಣ್ಣಾನೂ ಹೋಗ್ತೈತೆ," ಎಂದು ಕಾಂಪೌಂಡ್ರು ಹಿಂದೆಯೇ ಓಡಿದರು.

"ಬಣ್ಣ ನೋಡಾಕೆ ತಗಂಡೆನಾ ಅಣ್ಣಾರೆ?" ಎಂದಳು ಅವಳು, ತಿರುಗಿ ನೋಡದೆ.

ಟ್ರ್ಯಾಕ್ಟರು ಕೆಸರಿಗೆ ಇಳಿಯಿತು. ಕಾಂಪೌಂಡ್ರು ಬದುವಿನ ಮೇಲೆ ನಿಂತು, ತಮ್ಮದೇ ಮೈಮೇಲೆ ಯಾರೋ ಕೆಸರು ಎರಚಿದ ಹಾಗೆ ಮುಖ ಮಾಡಿದರು. ಆದರೆ ಮೂರನೆಯ ಸಾಲಿಗೆ ಅವರ ತಲೆ ಓರೆಯಾಯಿತು, ಕಣ್ಣು ಮುಚ್ಚಿತು. "ಭಾರ ಬಿದ್ದಾಗ ಅದರ ದನಿ ಬ್ಯಾರೇನೇ ಐತಲ್ರಿ," ಎಂದರು ನನ್ನ ಕಡೆ ತಿರುಗಿ. "ಮನಿಯಾಗೆ ಖಾಲಿ ಓಡಿಸಿ ಓಡಿಸಿ ನಂಗೆ ಗೊತ್ತೇ ಆಗಿರ್ಲಿಲ್ಲ."

ಆ ಮಾತು ಹೇಳುವಾಗ ಅವರಿಗೆ ಸಂತೋಷವಾಗಿತ್ತೋ ಬೇಸರವಾಗಿತ್ತೋ ನನಗೆ ತಿಳಿಯಲಿಲ್ಲ. ತಿಂಗಳಿಗೊಮ್ಮೆ ಎಣ್ಣೆಯ ಡಬ್ಬಿ ಹಿಡಿದು ಅವರು ಅಲ್ಲಿಗೆ ಹೋಗುವುದು ಮಾತ್ರ ತಪ್ಪಲಿಲ್ಲ. ಹೋದಾಗಲೆಲ್ಲ ಕೆಸರಿನ ವಿಷಯಕ್ಕೆ ಜಗಳ. ಬರುವಾಗ ಚೀಲದ ತುಂಬ ಬದನೆಕಾಯಿ. ಆ ವರ್ಷಗಳಲ್ಲಿ ತಾನು ಬೇಯಿಸಿದಷ್ಟು ಬದನೆಕಾಯಿಯನ್ನು ಜಗತ್ತಿನಲ್ಲಿ ಯಾರೂ ಬೇಯಿಸಿರಲಾರರು ಎಂದು ಶಾಂತಮ್ಮನವರು ಹೇಳುತ್ತಿದ್ದರು.

ಸ್ವತ್ತು ಹೋದರೂ ನೋಟೀಸು ಹೋಗಲಿಲ್ಲ. ಅಂಥವಕ್ಕೆ ಆಯಸ್ಸು ಹೆಚ್ಚು. ಅದು ಮೇಲೆ ಮೇಲೆ ಹೋಗಿ, ಕೆಳಗೆ ಬರುವಾಗ ಕಾಂಪೌಂಡ್ರನ್ನು ಚನ್ನಗಿರಿ ಸೀಮೆಗೆ ವರ್ಗ ಮಾಡಿಸಿತು. ಅದೇ ತಿಂಗಳು ನನಗೆ ಬಡ್ತಿ ಬಂತು. ಸಾಹೇಬರಿಗೂ ಬಂತು. ಬೀಳ್ಕೊಡುವಾಗ ಕಾಂಪೌಂಡ್ರಿಗೆ ನಾವು ಒಂದು ಹಾರ ಹಾಕಿದೆವು. ಅವರು ಅದನ್ನು ಬಿಚ್ಚಿ, ಲಾರಿಗೆ ಏರಿಸಿದ್ದ ಕೈ ಟ್ರ್ಯಾಕ್ಟರಿನ ಹಿಡಿಗೆ ಹಾಕಿದರು.

ಮತ್ತೆ ನಾವೆಲ್ಲ ಒಂದೆಡೆ ಸೇರಿದ್ದು ಎಂಬತ್ತರ ದಶಕದಲ್ಲಿ, ಚನ್ನಗಿರಿಯಲ್ಲಿ ನಡೆದ ಒಂದು ರೈತರ ಪ್ರದರ್ಶನದಲ್ಲಿ. ನೋಟೀಸು ಕೊಟ್ಟಿದ್ದ ನಮ್ಮ ಹಳೆಯ ಸಾಹೇಬರು ಆಗ ಬಹಳ ದೊಡ್ಡ ಸಾಹೇಬರಾಗಿದ್ದರು. ಅದೃಷ್ಟಕ್ಕೆ ನಾನು ಪುನಃ ಅವರ ಕೈಕೆಳಗೇ ಇದ್ದೆ. ತಾನೇ ಟ್ರ್ಯಾಕ್ಟರು ಓಡಿಸಿ ತರಕಾರಿ ಬೆಳೆಯುವ ಒಬ್ಬ ಹೆಂಗಸು ಸವಳಂಗದ ಕಡೆ ಇದ್ದಾಳೆಂದು ಅವರಿಗೆ ಯಾರೋ ಹೇಳಿದ್ದರು. ಹಾಲಮ್ಮನನ್ನೂ ಅವಳ ಟ್ರ್ಯಾಕ್ಟರನ್ನೂ ಲಾರಿಯಲ್ಲಿ ಕರೆಸಿದರು. ಕೆಸರು ಕಾಣಬಾರದೆಂದು ಹಿಂದಿನ ದಿನ ಟ್ರ್ಯಾಕ್ಟರಿಗೆ ಹಸಿರು ಬಣ್ಣ ಬಳಿಸಿದರು. ತಲೆಯಿಂದ ಕಾಲಿನವರೆಗೆ, ಬಣ್ಣ ತಾಗದ ಜಾಗವೇ ಇಲ್ಲದ ಹಾಗೆ.

ಸಾಹೇಬರು ಮೈಕಿನ ಮುಂದೆ, "ಇಂಥ ಯಂತ್ರಗಳನ್ನು ನಮ್ಮ ಬಡ ಮಹಿಳೆಯರ ಕೈಗೆ ತಲುಪಿಸಿದ್ದು ಅಂದಿನ ನಮ್ಮ ದೂರದೃಷ್ಟಿ" ಎಂದರು. ಮುಂದೆ ಕೂತವರು ಚಪ್ಪಾಳೆ ತಟ್ಟಿದರು. ಶಾಲು ಹೊದ್ದ ಹಾಲಮ್ಮ ಟ್ರ್ಯಾಕ್ಟರು ಓಡಿಸಿಕೊಂಡು ವೇದಿಕೆಯ ಮುಂದೆ ಹಾಯಬೇಕಿತ್ತು. ಅದು ಹತ್ತು ಮಾರು ನಡೆದು ನಿಂತಿತು. ಹಗ್ಗ ಎಳೆದರೆ ಮತ್ತೆ ನಾಲ್ಕು ಮಾರು. ಮತ್ತೆ ನಿಂತಿತು. ವೇದಿಕೆಯ ಮೇಲಿದ್ದ ದೊಡ್ಡವರು ಗಡಿಯಾರ ನೋಡತೊಡಗಿದರು. ಸಾಹೇಬರು ಬೆವರು ಒರೆಸಿಕೊಳ್ಳುತ್ತಾ ಕೆಳಗಿಳಿದು ಬಂದರು.

"ಅಲ್ಲಿ ದನದ ಕೊಟ್ಟಿಗ್ಯಾಗೆ ಅಣ್ಣಾರು ಅದಾರೆ, ಕರೀರಿ," ಎಂದಳು ಹಾಲಮ್ಮ.

ಪ್ರದರ್ಶನಕ್ಕೆ ತಂದ ಹೋರಿಗಳ ಹಲ್ಲು ನೋಡುತ್ತಿದ್ದ ಕಾಂಪೌಂಡ್ರನ್ನು ನಾನೇ ಹೋಗಿ ಕರೆದೆ. ತಲೆ ಪೂರಾ ಬೆಳ್ಳಗಾಗಿತ್ತು. ಕುತ್ತಿಗೆಯಲ್ಲಿ ಅದೇ ಸ್ಟೆತೊಸ್ಕೋಪು. ಬಂದು ಟ್ರ್ಯಾಕ್ಟರಿನ ಮುಂದೆ ನಿಂತರು. ಕೈ ಹಾಕಲಿಲ್ಲ.

"ಏನ್ರಿ ನೋಡ್ತಾ ನಿಂತ್ರಿ, ಬೇಗ ಮಾಡ್ರಿ," ಎಂದರು ಸಾಹೇಬರು.

"ಲಿಖಿತದಾಗೆ ಕೊಟ್ರೆ ಮಾಡ್ತೀನಿ ಸಾರ್," ಎಂದರು ಕಾಂಪೌಂಡ್ರು. ದನಿಯಲ್ಲಿ ಸಿಟ್ಟಿರಲಿಲ್ಲ. "ಹೋದ ಸಲ ಬಾಯಿಮಾತಿನ ಮ್ಯಾಲೆ ಮಾಡಿ ಚನ್ನಗಿರಿಗೆ ಬಂದೀನಿ. ಇದರ ಮುಂದೆ ಎಲ್ಲಿಗೆ ಹೋಗೋದು? ರಿಟೈರ್ ಆಗಾಕೆ ಆರು ತಿಂಗಳು ಐತೆ."

ಸಾಹೇಬರು ನನ್ನ ಮುಖ ನೋಡಿದರು. ನಾನು ಜೇಬಿನಿಂದ ಆಮಂತ್ರಣ ಪತ್ರಿಕೆ ತೆಗೆದು, ಅದರ ಹಿಂದೆ, 'ಸದರಿ ಯಂತ್ರವನ್ನು ದುರಸ್ತಿ ಮಾಡಲು ಈ ಮೂಲಕ ಅನುಮತಿ ನೀಡಲಾಗಿದೆ' ಎಂದು ಬರೆದೆ. ಮೇಜು ಇರಲಿಲ್ಲ. ನಾನು ಬಗ್ಗಿ ನಿಂತೆ. ಸಾಹೇಬರು ನನ್ನ ಬೆನ್ನ ಮೇಲೆ ಕಾಗದ ಇಟ್ಟು ರುಜು ಹಾಕಿದರು. ಆ ಪೆನ್ನಿನ ಒತ್ತು ಇನ್ನೂ ಬೆನ್ನಿನಲ್ಲಿದೆ ಎನಿಸುತ್ತದೆ.

ಕಾಂಪೌಂಡ್ರು ಕಾಗದವನ್ನು ಎರಡು ಸಲ ಓದಿ, ಮಡಿಸಿ ಜೇಬಿಗೆ ಹಾಕಿಕೊಂಡರು. ಆಮೇಲೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲಿಸಿದರು. ಹುಸ್ ಎಂದು ಗಾಳಿ ಒಳಗೆ ಹೋಯಿತು. "ಮುಚ್ಚಳದಾಗೆ ಗಾಳಿಗೆ ಅಂತ ಒಂದು ಸಣ್ಣ ತೂತು ಇರ್ತೈತೆ ಸಾರ್. ನಿಮ್ಮ ಬಣ್ಣ ಅದನ್ನ ಮುಚ್ಚೈತೆ. ಪಾಪ, ಉಸ್ರು ಕಟ್ಟೈತೆ." ಚೀಲದಿಂದ ಒಂದು ಇಂಜೆಕ್ಷನ್ ಸೂಜಿ ತೆಗೆದು ತೂತು ಬಿಡಿಸಿದರು. ಒಂದೇ ಎಳೆತಕ್ಕೆ ಟ್ರ್ಯಾಕ್ಟರು ಹೊರಟಿತು. ಚಪ್ಪಾಳೆ ಬಿತ್ತು. ಸಾಹೇಬರು ವೇದಿಕೆ ಏರಿ ಕೈ ಮುಗಿದರು. ಕಾಂಪೌಂಡ್ರು ಹೋರಿಗಳ ಹತ್ತಿರ ವಾಪಸು ಹೋದರು.

ಮಧ್ಯಾಹ್ನ ಕೊಟ್ಟಿಗೆಯ ಹಿಂದಿನ ನೆರಳಿನಲ್ಲಿ ಅವರ ಜೊತೆ ಚಹಾ ಕುಡಿಯುತ್ತಾ, ಇಷ್ಟು ವರ್ಷ ಆಡದ ಮಾತು ಆಡಿದೆ. "ಕಾಂಪೌಂಡ್ರೆ, ಆ ನೋಟೀಸು ಬರೆದದ್ದು ನಾನು."

"ಗೊತ್ತೈತೆ. ಅಕ್ಷರ ನೋಡಿದ ಕೂಡ್ಲೆ ಗೊತ್ತಾತು." ಚಹಾದ ಲೋಟ ಕೆಳಗಿಟ್ಟರು. "ದುಂಡಗೆ ಬರೀತೀರಿ. ಒಂದು ತಪ್ಪು ಇರ್ಲಿಲ್ಲ."

ಅಷ್ಟರಲ್ಲಿ ಹಾಲಮ್ಮ ಶಾಲನ್ನು ಕಂಕುಳಲ್ಲಿ ಮುದುರಿಕೊಂಡು ಬಂದಳು. ಅವಳ ಚಿಂತೆ ಬೇರೆ. ಕಾಂಪೌಂಡ್ರು ನಿವೃತ್ತಿಯಾದ ಮೇಲೆ ಜಗಳೂರಿಗೆ ಹೋಗಿ ನೆಲೆಸುವವರಿದ್ದರು. "ಅಷ್ಟು ದೂರ ಹೋದ್ರೆ ಇದು ಕೆಟ್ಟಾಗ ನಾನೇನ್ ಮಾಡ್ಲಿ ಅಣ್ಣಾರೆ? ಕೂಡಿಸಿ ಕೂಡಿಸಿ ಓದಾಕೆ ಬರ್ತೈತೆ ನಂಗೆ. ಬರೆದಾದ್ರೂ ಕೊಡ್ರಿ."

"ನನ್ನ ಅಕ್ಷರ ನಂಗೇ ತಿಳಿಯಲ್ಲ," ಎಂದು ಕಾಂಪೌಂಡ್ರು ನನ್ನ ಕಡೆ ನೋಡಿದರು. "ಇವ್ರು ಬರೀತಾರೆ."

ಪ್ರದರ್ಶನದ ಕರಪತ್ರವೊಂದನ್ನು ಮಗುಚಿ ಬರೆಯಲು ಕೂತೆ. ಒಂದು ಬದಿಯಲ್ಲಿ ಇಲಾಖೆಯ ಸಾಧನೆಗಳು ಅಚ್ಚಾಗಿದ್ದವು. ಇನ್ನೊಂದು ಬದಿಯಲ್ಲಿ ಅವರು ಹೇಳಿದಂತೆ, ದೊಡ್ಡ ಅಕ್ಷರದಲ್ಲಿ, ಒಂದೊಂದು ಮಾತಿಗೂ ಜಾಗ ಬಿಟ್ಟು ಬರೆದೆ. ಮೊದಲು ಎಣ್ಣೆ ನೋಡುವುದು. ಮುಚ್ಚಳದ ತೂತು ನೋಡುವುದು. ನಲ್ಲಿ ತಿರುಗಿಸುವುದು. ಪ್ಲಗ್ಗು ಬಿಚ್ಚಿ ಒರೆಸುವುದು. ಹಗ್ಗವನ್ನು ಒಂದೇ ಸಲ ಜೋರಾಗಿ ಎಳೆಯುವುದು. ಆಗದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಳೆಯುವುದು. ನಾನು ಅಭ್ಯಾಸಬಲದಿಂದ 'ಸದರಿ ಹಗ್ಗವನ್ನು' ಎಂದು ಬರೆದದ್ದನ್ನು ಅವರು ಹೊಡೆದು ಹಾಕಿಸಿದರು. ಕಡೆಯ ಸಾಲು, 'ಇಷ್ಟು ಮಾಡಿದ ಮೇಲೂ ಆಗದಿದ್ದರೆ ಕಾಂಪೌಂಡ್ರಿಗೆ ಹೇಳಿ ಕಳಿಸುವುದು. ಬರುತ್ತಾರೆ.'

ಇಪ್ಪತ್ತು ವರ್ಷದ ನೌಕರಿಯಲ್ಲಿ ನಾನು ಬರೆದ ಕಾಗದಗಳನ್ನು ಒಟ್ಟಿದರೆ ಒಂದು ಬಣವೆಯಾದೀತು. ಓದಿದವರು ಎದ್ದು ಹೋಗಿ ಬರೆದದ್ದನ್ನು ಬರೆದ ಹಾಗೆ ಮಾಡಿದರು, ಮಾಡಿದ್ದರಿಂದ ಒಂದು ಕೆಲಸ ಆಯಿತು ಎಂದು ಹೇಳಬಹುದಾದ ಕಾಗದ ಅದೊಂದೇ.

ಜಗಳೂರಿನ ಕಾರ್ಡು ಬಂದ ಮೇಲೆ ನಾನು ಹಾಲಮ್ಮನಿಗೆ ಸುದ್ದಿ ಹೇಳಲು ಹೋದೆ. ಕೇಳಿ ಅವಳು ಸೆರಗು ಬಾಯಿಗಿಟ್ಟುಕೊಂಡು ಜಗುಲಿಯ ಮೇಲೆ ಕೂತಳು. ಆಮೇಲೆ ಎದ್ದು ಒಳಗೆ ಹೋಗಿ ಆ ಕರಪತ್ರ ತಂದಳು. ಎಣ್ಣೆ ಹೀರಿ ಹೀರಿ ಅದು ಗಾಜಿನಂತಾಗಿತ್ತು. ಮಡಿಕೆಗಳಲ್ಲಿ ಹರಿದಿತ್ತು.

"ಇದು ಪೂರಾ ಹರಿಯಾಕೆ ಬಂದೈತೆ ಸಾರ್. ಹೊಸಾ ಹಾಳೇಲಿ ಬರೆದು ಕೊಡ್ರಿ."

ಅಲ್ಲೇ ಕೂತು ಬರೆದೆ. ಕಡೆಯ ಸಾಲಿಗೆ ಬಂದಾಗ ಪೆನ್ನು ನಿಲ್ಲಿಸಿದೆ. ಅವಳು ಪಕ್ಕದಲ್ಲಿ ಕೂತು ಒಂದೊಂದೇ ಅಕ್ಷರವನ್ನು ಬೆರಳಿಟ್ಟು ನೋಡಿಕೊಳ್ಳುತ್ತಿದ್ದಳು.

"ಒಂದು ಸಾಲು ಉಳೀತು ಸಾರ್," ಎಂದಳು.

"ಅದು ಬೇಕಾ ಹಾಲಮ್ಮ?"

"ಬರೀರಿ," ಎಂದಳು. "ಕರೆಯಾಕೆ ಆಗಲ್ಲ ಅಂತ ನಂಗೂ ಗೊತ್ತೈತೆ. ಅಲ್ಲಿಗಂಟ ಓದೋದ್ರಾಗೆ ಯಾವತ್ತೂ ಸ್ಟಾರ್ಟ್ ಆಗಿರ್ತೈತೆ."

ಬರೆದೆ.